ಆಂಕಿ: ಮರೆವಿನ ಲೆಕ್ಕ ಅದಕ್ಕೆ ಗೊತ್ತು, ನೆನಪು ಕಟ್ಟುವ ಕೆಲಸ ನಿಮ್ಮದು

ಓದಿದ್ದನ್ನು ನೆನಪಿಡಲು ನೆರವಾಗುವ ಆಂಕಿ ಎಂಬ ತಂತ್ರಾಂಶ ಮಾಡುವ ಕೆಲಸ ಒಂದೇ ಒಂದು: ಯಾವ ಪ್ರಶ್ನೆಯನ್ನು ಯಾವತ್ತು ಮತ್ತೆ ಕೇಳಬೇಕು ಎಂದು ಲೆಕ್ಕ ಹಾಕುವುದು. ಅದನ್ನು ತುಂಬ ಚೆನ್ನಾಗಿಯೇ ಮಾಡುತ್ತದೆ. ಮಿಕ್ಕ ಕೆಲಸವನ್ನೂ ಅದೇ ಮಾಡಿಕೊಡುತ್ತದೆ ಎಂದು ನಂಬಿ ಶುರುಮಾಡಿದವರು ತಿಂಗಳೊಪ್ಪತ್ತಿನಲ್ಲಿ ಕೈಬಿಡುತ್ತಾರೆ. ನೆನಪು ಮಿದುಳಿನಲ್ಲಿ ಮೂಡುವುದು, ಅಲ್ಲಿ ಉಳಿಯುವುದು, ಬೇಕೆಂದಾಗ ಹೊರಗೆ ಬರುವುದು, ಈ ಮೂರೂ ಬೇರೆ ಬೇರೆ. ಪದೇ ಪದೇ ಹೊರಗೆ ಬರಿಸಿ ಉಳಿಸಿಕೊಳ್ಳುವ ದಾರಿ ಆಂಕಿಗೆ ಗೊತ್ತು. ಮೂಡಿಸುವ ಹೊಣೆ ಪೂರ್ತಿ ಬಳಸುವವರದು. ತಂತ್ರಾಂಶದ ಗುಣದೋಷಗಳನ್ನೆಲ್ಲ ಈ ಒಂದು ಮಾತಿನ ಬೆಳಕಿನಲ್ಲಿ ನೋಡಿದರೆ ಬಹುಪಾಲು ಗೊಂದಲ ಬಗೆಹರಿಯುತ್ತದೆ.

ಮೊದಲು ಸಾಮಾನಿನ ವಿವರ. 2006ರಲ್ಲಿ ಡೇಮಿಯನ್ ಎಲ್ಮ್ಸ್ ಹೊರತಂದ ಫ್ಲ್ಯಾಶ್‌ಕಾರ್ಡ್ (ಒಂದು ಮುಖದಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಉತ್ತರ ಇರುವ ಕಾರ್ಡ್) ತಂತ್ರಾಂಶ ಇದು, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಆವೃತ್ತಿಗಳು ಉಚಿತ. ಆಂಡ್ರಾಯ್ಡ್‌ನಲ್ಲಿ ಸ್ವಯಂಸೇವಕರು ಬೆಳೆಸಿದ ಆಂಕಿಡ್ರಾಯ್ಡ್ ಕೂಡ ಉಚಿತ. ಐಫೋನಿನ ಆಂಕಿಮೊಬೈಲ್‌ಗೆ ಮಾತ್ರ ಒಂದು ಸಲ ದುಡ್ಡು ಕೊಡಬೇಕು. ಆಂಕಿಯ ಹೆಸರನ್ನೇ ಅಲ್ಪಸ್ವಲ್ಪ ಬದಲಿಸಿಕೊಂಡು ತಿಂಗಳ ಚಂದಾ ಕೇಳುವ ಬೇರೆ ಆ್ಯಪ್‌ಗಳೂ ಅಂಗಡಿಯಲ್ಲಿವೆ, ಅವಕ್ಕೂ ಇದಕ್ಕೂ ಸಂಬಂಧವಿಲ್ಲ. ಇಳಿಸಿಕೊಳ್ಳುವ ಮೊದಲು ಹೆಸರನ್ನು ಎರಡು ಸಲ ಓದಿ. ಕಾರ್ಡ್‌ಗಳು ನಿಮ್ಮ ಸಾಧನದಲ್ಲೇ ಇರುತ್ತವೆ, ಆಂಕಿವೆಬ್ ಖಾತೆ ಮಾಡಿಕೊಂಡರೆ ಎಲ್ಲ ಸಾಧನಗಳಲ್ಲೂ ಒಂದೇ ಸಂಗ್ರಹ ಸಿಗುತ್ತದೆ. ನೋಡಲು ಚೆಂದವೇನಲ್ಲ. ಮೊದಲ ದಿನ ಮೆನುಗಳ ನಡುವೆ ದಾರಿ ತಪ್ಪುವುದು ಸಹಜ.

ಮರೆವಿನ ಗೆರೆ ಮತ್ತು ಅದರ ಲೆಕ್ಕ

1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆ ತಾವೇ ನಡೆಸಿಕೊಂಡ ಪ್ರಯೋಗಗಳನ್ನು ಪ್ರಕಟಿಸಿದರು. ಅರ್ಥವಿಲ್ಲದ ಪುಟ್ಟ ಪುಟ್ಟ ಉಚ್ಚಾರಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು, ಒಂದಷ್ಟು ಹೊತ್ತು ಬಿಟ್ಟು ಅದನ್ನೇ ಮತ್ತೆ ಕಲಿಯುವುದು, ಎರಡನೇ ಸಲ ಎಷ್ಟು ಸಮಯ ಉಳಿಯಿತು ಎಂದು ಅಳೆಯುವುದು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಕಡಿದಾಗಿ ಸಾಗಿ ಆಮೇಲೆ ನಿಧಾನವಾಗುತ್ತದೆ ಎಂಬುದು ಅಲ್ಲಿ ಸಿಕ್ಕ ಫಲ. ಆಂಕಿಯಂಥ ಎಲ್ಲ ತಂತ್ರಾಂಶಗಳ ಬುಡ ಇದೇ ಗೆರೆ.

ಅದಕ್ಕೆ ಜೋಡಿಯಾದ ಇನ್ನೊಂದು ಸಂಗತಿ ತಡವಾಗಿ ಗಟ್ಟಿಯಾಯಿತು. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಒಂದು ಗುಂಪಿಗೆ ಒಂದೇ ಬರಹವನ್ನು ನಾಲ್ಕು ಅವಧಿ ಓದಿಸಿದರು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಅವಧಿ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರೇ ಮುಂದು: ಶೇ. 83, ಬರೆದವರು ಶೇ. 71. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ತಿರುಗುಮುರುಗು: ಓದಿದವರು ಶೇ. 40, ಬರೆದವರು ಶೇ. 61. ಮತ್ತೆ ಮತ್ತೆ ಓದುವುದರಿಂದ ಸಿಗುವ ‘ಗೊತ್ತು’ ಎಂಬ ಹಿತವಾದ ಅನಿಸಿಕೆ ಎಷ್ಟು ಬೇಗ ಕೈಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕವಾದ ಅಂಕಿಸಂಖ್ಯೆ ಬೇಕಿಲ್ಲ. ಆಂಕಿ ಉತ್ತರವನ್ನು ಮುಚ್ಚಿಟ್ಟು ಪ್ರಶ್ನೆ ತೋರಿಸುವುದು ಈ ಕಾರಣಕ್ಕೆ. ಉತ್ತರ ಹೊಳೆಯುವ ಮೊದಲೇ ಸ್ಪೇಸ್‌ಬಾರ್ ಒತ್ತಿ ನೋಡಿಬಿಡುವ ಅಭ್ಯಾಸ ಬಿದ್ದರೆ ನೀವು ಮೊದಲ ಗುಂಪಿಗೆ ಸೇರಿದಂತೆಯೇ ಲೆಕ್ಕ.

ಕಾರ್ಡ್ ಮತ್ತೆ ಯಾವಾಗ ಬರಬೇಕು ಎಂದು ತೀರ್ಮಾನಿಸಲು ಆಂಕಿಯಲ್ಲಿ ಈಗ ಎರಡು ವಿಧಾನಗಳಿವೆ. ಹಳೆಯದು ಪಿಯೋಟ್ರ್ ವೊಜ್ನಿಯಾಕ್ 1987ರಲ್ಲಿ ರೂಪಿಸಿದ ಎಸ್‌ಎಂ-2 ಸೂತ್ರದ ಮಾರ್ಪಾಡು. ಪ್ರತಿ ಕಾರ್ಡಿಗೂ ‘ಈಸ್’ ಎಂಬ ಗುಣಕ, ಶುರುವಿನಲ್ಲಿ 2.5. ಉತ್ತರ ನೋಡಿದ ಮೇಲೆ ಅದು ಎಷ್ಟು ಸುಲಭವಾಗಿ ಬಂತು ಎಂದು ತಿಳಿಸಲು ಅಗೇನ್, ಹಾರ್ಡ್, ಗುಡ್, ಈಸಿ ಎಂಬ ನಾಲ್ಕು ಬಟನ್‌ಗಳಿವೆ. ಗುಡ್ ಒತ್ತಿದರೆ ಹಿಂದಿನ ಅಂತರವನ್ನು ಈಸ್‌ನಿಂದ ಗುಣಿಸುತ್ತದೆ. ಒಂದು ದಿನದಿಂದ ಹೊರಟ ಕಾರ್ಡ್ ಎರಡು-ಮೂರು ದಿನ, ಆರೇಳು ದಿನ, ಎರಡು ವಾರ, ಐದಾರು ವಾರ ಹೀಗೆ ದೂರ ಹೋಗುತ್ತದೆ. ಹಾರ್ಡ್ ಒತ್ತಿದರೆ ಅಂತರ 1.2 ಪಟ್ಟು ಮಾತ್ರ, ಜೊತೆಗೆ ಈಸ್ 0.15 ಇಳಿಯುತ್ತದೆ. ಅಗೇನ್ ಒತ್ತಿದರೆ ಈಸ್ 0.20 ಇಳಿಯುತ್ತದೆ, 1.3ಕ್ಕೆ ನಿಲ್ಲುತ್ತದೆ.

ಕೊರತೆ ಇರುವುದು ಇಲ್ಲೇ. ಗುಡ್ ಒತ್ತುವುದರಿಂದ ಈಸ್ ಏರುವುದೇ ಇಲ್ಲ. ಈಸಿ ಒತ್ತಿದರೆ ಮಾತ್ರ 0.15 ಏರುತ್ತದೆ. ಹೀಗಾಗಿ ಆರು ಸಲ ತಪ್ಪಿದ ಕಾರ್ಡ್ ತಳಮುಟ್ಟಿ, ಅದು ಚೆನ್ನಾಗಿ ಬರತೊಡಗಿದ ಮೇಲೂ ಹತ್ತು ದಿನ, ಹದಿಮೂರು ದಿನ, ಹದಿನೇಳು ದಿನ ಎಂದು ಕಾಲೆಳೆಯುತ್ತ ಬರುತ್ತದೆ. ದಿನವೂ ಎದುರಾಗುವ ರಾಶಿಯಲ್ಲಿ ಇಂಥವೇ ತುಂಬಿಕೊಂಡು ಬೇಸರ ಹತ್ತುತ್ತದೆ.

2023ರ 23.10 ಆವೃತ್ತಿಯಿಂದ ಬಂದ ಎರಡನೇ ವಿಧಾನ ಎಫ್‌ಎಸ್‌ಆರ್‌ಎಸ್ ಇದನ್ನು ಸರಿಪಡಿಸಿದೆ. ನಮ್ಮ ಮಟ್ಟಿಗೆ ಆಂಕಿಯನ್ನು ಇಂದು ಶಿಫಾರಸು ಮಾಡಲು ಇದೊಂದೇ ಸಾಕು. ಅದು ಪ್ರತಿ ಕಾರ್ಡಿಗೂ ಮೂರು ಅಂಶ ಇಟ್ಟುಕೊಳ್ಳುತ್ತದೆ: ಕಾರ್ಡ್ ಎಷ್ಟು ಕಷ್ಟ, ನೆನಪು ಎಷ್ಟು ಬಾಳಿಕೆಯದು, ಈ ಹೊತ್ತಿನಲ್ಲಿ ಉತ್ತರ ಬರುವ ಸಾಧ್ಯತೆ ಎಷ್ಟು. ಬಾಳಿಕೆಯ ಅಳತೆ ದಿನಗಳಲ್ಲಿ: ನೆನಪಿಗೆ ಬರುವ ಸಾಧ್ಯತೆ ಶೇ. 100ರಿಂದ ಶೇ. 90ಕ್ಕೆ ಇಳಿಯಲು ಹಿಡಿಯುವ ದಿನಗಳು. ಬಳಸುವವರು ಕೊಡಬೇಕಾದದ್ದು ‘ಡಿಸೈರ್ಡ್ ರಿಟೆನ್ಷನ್’ ಎಂಬ ಒಂದು ಸಂಖ್ಯೆ, ಅಂದರೆ ಕಾರ್ಡ್ ಎದುರಾದಾಗ ಎಷ್ಟರಮಟ್ಟಿಗೆ ನೆನಪಿರಬೇಕು ಎಂಬುದು. ಮೊದಲಿಗೆ 0.90 ಇರುತ್ತದೆ.

ಈ ಸಂಖ್ಯೆಯ ಜೊತೆ ಆಟವಾಡುವ ಮುನ್ನ ಲೆಕ್ಕ ನೋಡಿ. ಬಾಳಿಕೆ ಹತ್ತು ದಿನ ಇರುವ ಕಾರ್ಡು 0.90ಕ್ಕೆ ಹತ್ತನೇ ದಿನ ಬರುತ್ತದೆ. ಎಫ್‌ಎಸ್‌ಆರ್‌ಎಸ್‌ನ 4.5 ಮತ್ತು 5ನೇ ಆವೃತ್ತಿಗಳ ಸೂತ್ರದ ಪ್ರಕಾರ ಅದೇ ಕಾರ್ಡು 0.95ಕ್ಕೆ ನಾಲ್ಕೂವರೆ ದಿನಕ್ಕೇ ಬರಬೇಕು, 0.97ಕ್ಕೆ ಮೂರು ದಿನದೊಳಗೆ, 0.80 ಸಾಕು ಎಂದರೆ ಇಪ್ಪತ್ತನಾಲ್ಕು ದಿನ ತಡೆಯುತ್ತದೆ. ಐದು ಅಂಕ ಹೆಚ್ಚಿಗೆ ಬೇಕೆಂದರೆ ಕೆಲಸ ದುಪ್ಪಟ್ಟು. ಪರೀಕ್ಷೆ ಹತ್ತಿರವಿದೆ ಎಂದು 0.97 ಇಟ್ಟುಕೊಂಡವರು ಹೊಸದನ್ನು ಕಲಿಯಲು ಸಮಯವಿಲ್ಲದೆ ಹಳೆಯದನ್ನೇ ತಿರುವಿಹಾಕುತ್ತಿರುತ್ತಾರೆ. ಸಾಮಾನ್ಯ ಓದಿಗೆ 0.85ರಿಂದ 0.90 ಸಾಕು. ಔಷಧಿಯ ಪ್ರಮಾಣದಂಥ, ತಪ್ಪಿದರೆ ಅನಾಹುತವಾಗುವ ವಿಷಯವನ್ನು ಬೇರೆ ಡೆಕ್ಕಿಗೆ (ಕಾರ್ಡ್‌ಗಳ ಕಟ್ಟಿಗೆ) ಹಾಕಿ, ಅದಕ್ಕೆ ಬೇರೆ ಪ್ರಿಸೆಟ್ (ಸೆಟ್ಟಿಂಗ್‌ಗಳ ಗುಂಪು) ಮಾಡಿ 0.95 ಕೊಡಿ. ಎಫ್‌ಎಸ್‌ಆರ್‌ಎಸ್ ಹಳೆಯ ಪ್ರೊಫೈಲ್‌ಗಳಲ್ಲಿ ತಾನಾಗಿ ಆನ್ ಆಗುವುದಿಲ್ಲ. ಡೆಕ್ ಆಪ್ಷನ್ಸ್‌ನಲ್ಲಿ ಕೆಳಗೆ ಹೋಗಿ ಆನ್ ಮಾಡಬೇಕು. ಒಮ್ಮೆ ಆನ್ ಮಾಡಿದರೆ ಎಲ್ಲ ಡೆಕ್‌ಗಳಿಗೂ ಅನ್ವಯಿಸುತ್ತದೆ. ತಿಂಗಳಿಗೊಂದು ಸಲ ಆಪ್ಟಿಮೈಸ್ ಬಟನ್ ಒತ್ತಿದರೆ ನಿಮ್ಮ ಹಳೆಯ ಉತ್ತರಗಳನ್ನು ನೋಡಿಕೊಂಡು ಲೆಕ್ಕವನ್ನು ನಿಮಗೆ ಹೊಂದಿಸಿಕೊಳ್ಳುತ್ತದೆ. ದಿನಾ ಒತ್ತುವುದರಿಂದ ಲಾಭವೇನಿಲ್ಲ.

ಹತ್ತು ನಿಮಿಷದ ಗೆಲುವನ್ನು ನಂಬಬೇಡಿ

ಹೊಸ ಕಾರ್ಡಿಗೆ ಆಂಕಿ ಕೊಡುವ ಆರಂಭದ ಹಂತಗಳು ಎರಡು: ಒಂದು ನಿಮಿಷ, ಹತ್ತು ನಿಮಿಷ. ಎರಡನ್ನೂ ದಾಟಿದ ಕಾರ್ಡು ನಾಳೆಗೆ ಹೋಗುತ್ತದೆ. ನಾಳೆ ನೋಡಿದರೆ ಅರ್ಧಕ್ಕರ್ಧ ಮರೆತುಹೋಗಿರುತ್ತದೆ, ‘ನಿನ್ನೆ ಬರುತ್ತಿತ್ತಲ್ಲ’ ಎಂದು ಗೊಣಗಾಟ ಶುರು.

ನಿನ್ನೆ ಬರುತ್ತಿದ್ದುದು ಬೇರೆ ಥರದ ನೆನಪು. ಎರಡು ನರಕೋಶಗಳು ಸಂಧಿಸುವ ಸಿನಾಪ್ಸ್‌ನಲ್ಲಿ ಬಲವಾದ ಸಂಕೇತ ಬಂದಾಗ ಎನ್‌ಎಂಡಿಎ ಗ್ರಾಹಕಗಳು (ಸಂಕೇತ ಹಿಡಿಯುವ ಪ್ರೊಟೀನ್‌ಗಳು) ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದರ ಬೆನ್ನಿಗೆ ಎಎಂಪಿಎ ಎಂಬ ಇನ್ನೊಂದು ಬಗೆಯ ಗ್ರಾಹಕಗಳು ಹೆಚ್ಚಿನ ಸಂಖ್ಯೆಯಲ್ಲಿ ಪೊರೆಗೆ ಬಂದು ಸೇರುತ್ತವೆ, ಮುಂದಿನ ಸಂಕೇತಕ್ಕೆ ಆ ಸಿನಾಪ್ಸ್ ಮೊದಲಿಗಿಂತ ಜೋರಾಗಿ ಸ್ಪಂದಿಸುತ್ತದೆ. ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ 1973ರಲ್ಲಿ ಮೊಲದ ಹಿಪೊಕ್ಯಾಂಪಸ್‌ನಲ್ಲಿ (ಹೊಸ ನೆನಪು ಮೂಡಿಸುವ ಮಿದುಳ ಭಾಗ) ವಿವರವಾಗಿ ದಾಖಲಿಸಿದ ಈ ಬಲವರ್ಧನೆಗೆ ಎರಡು ಘಟ್ಟಗಳಿವೆ. ಮೊದಲ ಘಟ್ಟಕ್ಕೆ ಇರುವ ಸರಕೇ ಸಾಕು, ಆದರೆ ಅದು ಒಂದೆರಡು ಗಂಟೆಯಲ್ಲಿ ಇಳಿದುಹೋಗುತ್ತದೆ. ಎರಡನೆಯ ಘಟ್ಟ ಬಾಳುತ್ತದೆ, ಅದಕ್ಕೆ ನರಕೋಶ ಹೊಸ ಪ್ರೊಟೀನ್ ತಯಾರಿಸಬೇಕು. ಎರಿಕ್ ಕ್ಯಾಂಡೆಲ್ ಅವರಿಗೆ 2000ದ ನೊಬೆಲ್ ಪಾಲು ತಂದುಕೊಟ್ಟ ಕಡಲ ಬಸವನಹುಳುವಿನ ಅಧ್ಯಯನಗಳಲ್ಲೂ ಇದೇ ಕಂಡದ್ದು: ಒಂದು ಸಲದ ಪ್ರಚೋದನೆಗೆ ಕೆಲವು ನಿಮಿಷಗಳ ನೆನಪು, ಬಿಡುವು ಕೊಟ್ಟು ಐದು ಸಲ ಮಾಡಿದರೆ ಒಂದು ದಿನಕ್ಕೂ ಮೀರಿದ ನೆನಪು.

ಹತ್ತನೇ ನಿಮಿಷದಲ್ಲಿ ಉತ್ತರ ಬಂತು ಎಂದರೆ ಮೊದಲ ಘಟ್ಟ ಇನ್ನೂ ಇಳಿದಿಲ್ಲ ಎಂದಷ್ಟೇ ಅರ್ಥ. ಎರಡನೆಯದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇಲಿಯ ಹಿಪೊಕ್ಯಾಂಪಸ್‌ನ ಸೀಳುಗಳ ಮೇಲೆ 2012ರಲ್ಲಿ ಪ್ರಕಟವಾದ ಒಂದು ಕೆಲಸ ಇಲ್ಲಿ ನೆನಪಿಡಬೇಕಾದ್ದು: ಮೊದಲ ಪ್ರಚೋದನೆಯಾದ ಹತ್ತು ಅಥವಾ ಮೂವತ್ತು ನಿಮಿಷಕ್ಕೆ ಎರಡನೆಯದನ್ನು ಕೊಟ್ಟರೆ ಹೆಚ್ಚಿನ ಬಲ ಬರಲಿಲ್ಲ, ಒಂದು ಗಂಟೆ ಬಿಟ್ಟು ಕೊಟ್ಟರೆ ಬಂತು. ಇಲಿಯ ಮಿದುಳಿನ ಸೀಳಿನಿಂದ ನೇರವಾಗಿ ಮನುಷ್ಯರ ಓದಿಗೆ ಹಾರುವುದು ಸರಿಯಲ್ಲ. ಆದರೂ ಒಂದು ನಿಮಿಷದ ಹಂತ ಏನೂ ಉಪಕಾರ ಮಾಡುವುದಿಲ್ಲ ಎಂದು ಅನುಮಾನಿಸಲು ಇಷ್ಟು ಸಾಕು.

ನಾವು ಸೂಚಿಸುವುದು: ಲರ್ನಿಂಗ್ ಸ್ಟೆಪ್ಸ್‌ನಲ್ಲಿ ‘1m 10m’ ಅಳಿಸಿ ‘15m’ ಎಂದು ಒಂದೇ ಹಂತ ಕೊಡಿ. ದಿನಕ್ಕೆರಡು ಸಲ ಆ್ಯಪ್ ತೆರೆಯುವವರಾದರೆ ‘10m 1h’. ಆಂಕಿ ಇಪ್ಪತ್ತು ನಿಮಿಷದೊಳಗೆ ಬರಬೇಕಾದ ಕಾರ್ಡ್‌ಗಳನ್ನು ಬೇರೆ ಕೆಲಸ ಇಲ್ಲದಿದ್ದರೆ ಮೊದಲೇ ತೋರಿಸಿಬಿಡುತ್ತದೆ, ಒಂದು ಗಂಟೆಯದನ್ನು ಹಾಗೆ ತೋರಿಸುವುದಿಲ್ಲ. ಅದಕ್ಕಾಗಿ ನೀವೇ ಮತ್ತೆ ಬರಬೇಕು. ಎಫ್‌ಎಸ್‌ಆರ್‌ಎಸ್ ಆನ್ ಇದ್ದಾಗ ಒಂದು ದಿನ ಅಥವಾ ಅದಕ್ಕಿಂತ ಉದ್ದದ ಹಂತ ಹಾಕಬೇಡಿ. ಆ ದಿನಗಳ ಲೆಕ್ಕ ಅದಕ್ಕೆ ಬಿಟ್ಟದ್ದು, ನಡುವೆ ಕೈಹಾಕಿದರೆ ಅದರ ಅಂದಾಜು ಕೆಡುತ್ತದೆ.

ಇನ್ನು ನಿದ್ದೆ. ಗಾಢ ನಿದ್ದೆಯಲ್ಲಿ ಹಗಲಿನ ಅನುಭವದ ನರಚಟುವಟಿಕೆ ಹಿಪೊಕ್ಯಾಂಪಸ್‌ನಲ್ಲಿ ವೇಗವಾಗಿ ಮರುಕಳಿಸುತ್ತದೆ. ಅದು ಮಿದುಳ ಹೊರಪದರದ ನಿಧಾನ ಅಲೆಗಳು ಮತ್ತು ಸೆಕೆಂಡಿಗೆ ಹನ್ನೊಂದರಿಂದ ಹದಿನಾರು ಸಲ ಮಿಡಿಯುವ, ಸ್ಪಿಂಡಲ್ ಎಂಬ ಚುಟುಕು ಅಲೆಗಳ ಜೊತೆ ಹೊಂದಿಕೊಂಡು ನಡೆಯುತ್ತದೆ. ನೆನಪು ಹೊರಪದರದಲ್ಲಿ ಬೇರೂರುವುದರಲ್ಲಿ ಇದರ ಪಾಲು ದೊಡ್ಡದು. ರಾತ್ರಿ ಎರಡರವರೆಗೆ ಕೂತು ನೂರು ಹೊಸ ಕಾರ್ಡ್ ಮುಗಿಸುವವರು ನೆನಪನ್ನು ಗಟ್ಟಿ ಮಾಡುವ ಹೊತ್ತನ್ನೇ ಕತ್ತರಿಸಿಕೊಳ್ಳುತ್ತಾರೆ. ಆಂಕಿ ಇದನ್ನು ನೋಡುವುದೂ ಇಲ್ಲ, ಎಚ್ಚರಿಸುವುದೂ ಇಲ್ಲ.

ಕಾರ್ಡ್ ಮಾಡುವುದೇ ನಿಜವಾದ ಕೆಲಸ

ಹೃದಯದ ಕವಾಟಗಳನ್ನು ಕಲಿಯಲು ಒಬ್ಬರು ಈ ಕಾರ್ಡ್ ಮಾಡಿದರು ಎನ್ನಿ: ‘ಹೃದಯದ ಕವಾಟಗಳನ್ನು ಹೆಸರಿಸಿ, ಪ್ರತಿಯೊಂದೂ ಎಲ್ಲಿದೆ, ಎಷ್ಟು ದಳಗಳಿವೆ ತಿಳಿಸಿ.’ ಉತ್ತರದಲ್ಲಿ ನಾಲ್ಕು ಹೆಸರು, ನಾಲ್ಕು ಜಾಗ, ನಾಲ್ಕು ಸಂಖ್ಯೆ. ಒಟ್ಟು ಹನ್ನೆರಡು ಸಂಗತಿ. ಒಂದೇ ಹೊತ್ತಿಗೆ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲದ್ದು ಸುಮಾರು ನಾಲ್ಕು ತುಣುಕು. ಹನ್ನೊಂದು ಸರಿ, ಒಂದು ತಪ್ಪು ಎಂದಾದರೆ ಯಾವ ಬಟನ್ ಒತ್ತುವುದು? ಅಗೇನ್ ಒತ್ತಿದರೆ ಗೊತ್ತಿರುವ ಹನ್ನೊಂದೂ ನಾಳೆ ಮತ್ತೆ ಬರುತ್ತವೆ. ಗುಡ್ ಒತ್ತಿದರೆ ಗೊತ್ತಿಲ್ಲದ ಒಂದು ಎರಡು ವಾರ ಅವಿತುಕೊಳ್ಳುತ್ತದೆ. ಯಾವ ಸೂತ್ರವೂ ಈ ಕಾರ್ಡನ್ನು ಉಳಿಸಲಾರದು.

ಒಡೆಯಬೇಕು. ‘ಬಲ ಹೃತ್ಕರ್ಣಕ್ಕೂ ಬಲ ಹೃತ್ಕುಕ್ಷಿಗೂ ನಡುವೆ ಇರುವ ಕವಾಟ?’ ಉತ್ತರ: ಟ್ರೈಕಸ್ಪಿಡ್. ‘ಎಡ ಹೃತ್ಕರ್ಣಕ್ಕೂ ಎಡ ಹೃತ್ಕುಕ್ಷಿಗೂ ನಡುವೆ?’ ಮೈಟ್ರಲ್. ‘ಮೈಟ್ರಲ್ ಕವಾಟಕ್ಕೆ ಎಷ್ಟು ದಳ?’ ಎರಡು. ಒಂದೊಂದೂ ಹತ್ತು ಸೆಕೆಂಡಿನೊಳಗೆ ಮುಗಿಯುತ್ತದೆ.

ಆದರೆ ಒಡೆದ ಮೇಲೆ ಹೊಸ ತೊಡಕು ಹುಟ್ಟುತ್ತದೆ, ಇದರ ಬಗ್ಗೆ ಕಡಿಮೆ ಜನ ಎಚ್ಚರಿಸುತ್ತಾರೆ. ಮೊದಲೆರಡು ಪ್ರಶ್ನೆಗಳನ್ನು ಮತ್ತೆ ನೋಡಿ. ಬಲ-ಎಡ ಎಂಬ ಮಾತು ಬಿಟ್ಟರೆ ಎರಡೂ ಒಂದೇ. ಹಿಪೊಕ್ಯಾಂಪಸ್‌ಗೆ ಬರುವ ಸಂಕೇತಗಳನ್ನು ಡೆಂಟೇಟ್ ಜೈರಸ್ ಎಂಬ ಭಾಗ ಒಂದರಿಂದೊಂದು ಆದಷ್ಟು ದೂರ ಸರಿಸಿ ಬೇರೆ ಬೇರೆ ಗುರುತಾಗಿ ಮಾಡುತ್ತದೆ. ಮುಂದಿನ ಸಿಎ3 ಭಾಗದ ಸ್ವಭಾವ ತದ್ವಿರುದ್ಧ: ಸುಳಿವಿನ ಒಂದು ಚೂರು ಸಿಕ್ಕರೆ ಸಾಕು, ಪೂರ್ತಿ ಚಿತ್ರವನ್ನು ತುಂಬಿಕೊಡಲು ನೋಡುತ್ತದೆ. ತೀರಾ ಹೋಲುವ ಎರಡು ಪ್ರಶ್ನೆ ಎದುರಾದಾಗ ಬೇರ್ಪಡಿಸುವ ಕೆಲಸ ಸೋತು, ತುಂಬಿಕೊಡುವ ಕೆಲಸ ತಪ್ಪು ಚಿತ್ರವನ್ನು ತಂದಿಡುತ್ತದೆ. ಟ್ರೈಕಸ್ಪಿಡ್ ಎನ್ನಬೇಕಾದಲ್ಲಿ ಮೈಟ್ರಲ್ ಎಂದು ವಾರಗಟ್ಟಲೆ ಬರುತ್ತದೆ. ಮರೆವಿಗೆ ಕಾಲ ಕಳೆಯುವುದೊಂದೇ ಕಾರಣವಲ್ಲ, ಒಂದು ನೆನಪು ಇನ್ನೊಂದಕ್ಕೆ ಅಡ್ಡ ಬರುವುದೂ ಅಷ್ಟೇ ದೊಡ್ಡ ಕಾರಣ. ಆಂಕಿಯ ಎರಡೂ ಸೂತ್ರಗಳು ಪ್ರತಿ ಕಾರ್ಡನ್ನೂ ಒಂಟಿಯಾಗಿ ಲೆಕ್ಕ ಹಾಕುತ್ತವೆ, ಪಕ್ಕದ ಕಾರ್ಡ್ ಇದರ ಕಾಲೆಳೆಯುತ್ತಿದೆ ಎಂಬುದು ಅವಕ್ಕೆ ಕಾಣುವುದಿಲ್ಲ.

ಪರಿಹಾರ ಗೊಂದಲವನ್ನೇ ಪ್ರಶ್ನೆ ಮಾಡುವುದು: ‘ಮೈಟ್ರಲ್, ಟ್ರೈಕಸ್ಪಿಡ್; ಇವೆರಡರಲ್ಲಿ ಮೂರು ದಳ ಯಾವುದಕ್ಕೆ, ಅದು ಯಾವ ಕಡೆ?’ ಈ ಮೂರನೇ ಕಾರ್ಡ್ ಬಂದ ಮೇಲೆ ಮೊದಲೆರಡು ಸಾಮಾನ್ಯವಾಗಿ ತಾವಾಗಿ ಸರಿಹೋಗುತ್ತವೆ. ಚಿತ್ರವಿದ್ದರೆ ಇನ್ನೂ ಒಳ್ಳೆಯದು. ಹೃದಯದ ಚಿತ್ರ ಹಾಕಿ ಒಂದೊಂದೇ ಹೆಸರನ್ನು ಮುಚ್ಚುವ ‘ಇಮೇಜ್ ಅಕ್ಲೂಷನ್’ ಸೌಲಭ್ಯ 23.10ರಿಂದ ಆಂಕಿಯಲ್ಲೇ ಇದೆ, ಬೇರೆ ಆ್ಯಡ್-ಆನ್ ಬೇಕಿಲ್ಲ. ಅಂಗರಚನೆ, ನಕ್ಷೆ, ಯಂತ್ರಭಾಗಗಳಿಗೆ ಇದು ಆಂಕಿಯ ಅತ್ಯುತ್ತಮ ಅಂಗ.

ಬಿಟ್ಟ ಸ್ಥಳ ತುಂಬುವ ‘ಕ್ಲೋಜ್’ ಕಾರ್ಡ್ ಬಗ್ಗೆ ಅಷ್ಟು ಉತ್ಸಾಹ ಬೇಡ. ಕಂಟ್ರೋಲ್, ಶಿಫ್ಟ್, ಸಿ ಒತ್ತಿದರೆ ಆಯ್ತು, ಒಂದು ನಿಮಿಷಕ್ಕೆ ಹತ್ತು ತಯಾರು. ಉದ್ದದ ವಾಕ್ಯವನ್ನು ಪಠ್ಯದಿಂದ ಎತ್ತಿ ಒಂದು ಪದ ಮುಚ್ಚಿದರೆ, ನಾಲ್ಕನೇ ಸಲ ಬರುವ ಹೊತ್ತಿಗೆ ವಾಕ್ಯದ ಆಕಾರವೇ ಸುಳಿವಾಗಿರುತ್ತದೆ. ಓದದೆಯೇ ಉತ್ತರ ಬಾಯಿಗೆ ಬರುತ್ತದೆ. ಕಾರ್ಡಿನ ಮುಖಪರಿಚಯವಾಯಿತು, ವಿಷಯ ತಲೆಗೆ ಹತ್ತಲಿಲ್ಲ. ಸುಳಿವು ಎಷ್ಟು ಮುಖ್ಯ ಎಂಬುದಕ್ಕೆ ಸುಸುಮು ಟೊನೆಗವಾ ಅವರ ಪ್ರಯೋಗಾಲಯದ ಇಲಿಗಳ ಕೆಲಸ ಸಾಕ್ಷಿ. 2015ರ ಪ್ರಯೋಗದಲ್ಲಿ, ಕಲಿತ ಕೂಡಲೇ ಪ್ರೊಟೀನ್ ತಯಾರಿಕೆ ತಡೆಯುವ ಔಷಧ ಕೊಟ್ಟ ಇಲಿಗಳು ಹೆದರಿದ್ದ ಪೆಟ್ಟಿಗೆಗೆ ಮರಳಿ ಬಂದಾಗ ಏನೂ ನೆನಪಿಲ್ಲದಂತೆ ಓಡಾಡಿಕೊಂಡಿದ್ದವು. ಕಲಿಯುವಾಗ ಚುರುಕಾಗಿದ್ದ ನರಕೋಶಗಳನ್ನೇ ಬೆಳಕಿನಿಂದ ಪ್ರಚೋದಿಸಿದಾಗ ಹೆದರಿ ಮರಗಟ್ಟಿ ನಿಂತವು. ನೆನಪಿನ ಜಾಡು ಒಳಗಿತ್ತು, ಸಹಜ ಸುಳಿವಿಗೆ ಅದು ಸಿಗುತ್ತಿರಲಿಲ್ಲ. ಕಾರ್ಡಿನ ಪ್ರಶ್ನೆ ನಿಮ್ಮ ನೆನಪಿಗೆ ಇರುವ ಸುಳಿವು. ಜೀವನದಲ್ಲಿ ಆ ವಿಷಯ ಯಾವ ಮಾತಿನಲ್ಲಿ ಎದುರಾಗುತ್ತದೋ ಅದಕ್ಕೆ ಹತ್ತಿರವಾಗಿ ಬರೆಯಿರಿ. ಒಂದೇ ಸಂಗತಿಗೆ ಎರಡು ಮೂರು ಬಗೆಯ ಪ್ರಶ್ನೆ ಇರಲಿ.

ಬೇರೆಯವರು ಮಾಡಿಟ್ಟ ಡೆಕ್‌ಗಳು ಸಾವಿರಾರು ಸಿಗುತ್ತವೆ. ಪರಭಾಷೆಯ ಪದಪಟ್ಟಿಗೆ, ದೇಶಗಳ ರಾಜಧಾನಿಗೆ ಪರವಾಗಿಲ್ಲ. ಅರ್ಥ ಮಾಡಿಕೊಳ್ಳಬೇಕಾದ ವಿಷಯಕ್ಕೆ ಬೇಡ. ಬರೀ ಓದುವುದಕ್ಕಿಂತ ಉತ್ತರವನ್ನು ತಾವೇ ಹುಟ್ಟಿಸಿದಾಗ ನೆನಪು ಹೆಚ್ಚು ಉಳಿಯುತ್ತದೆ ಎಂಬುದು 1978ರಲ್ಲಿ ಸ್ಲಮೆಕ್ಕಾ ಮತ್ತು ಗ್ರಾಫ್ ತೋರಿಸಿದ ಮೇಲೆ ಹಲವು ಸಲ ದೃಢಪಟ್ಟಿದೆ. ಕಾರ್ಡ್ ಮಾಡುವ ಶ್ರಮವೇ ಕಲಿಕೆಯ ಅರ್ಧ. ತಯಾರಿ ಡೆಕ್ ಆ ಅರ್ಧವನ್ನು ಕಿತ್ತುಕೊಳ್ಳುತ್ತದೆ.

ಬಟನ್‌ಗಳು, ಬಾಕಿ, ಜಿಗುಟು ಕಾರ್ಡ್‌ಗಳು

ಎಫ್‌ಎಸ್‌ಆರ್‌ಎಸ್ ಕೆಡಿಸುವ ಅತಿ ಸಾಮಾನ್ಯ ತಪ್ಪು ಹಾರ್ಡ್ ಬಟನ್‌ನದು. ಉತ್ತರ ಬರಲಿಲ್ಲ, ನೋಡಿದ ಮೇಲೆ ‘ಛೆ, ಗೊತ್ತಿತ್ತು’ ಅನ್ನಿಸಿತು, ಅಗೇನ್ ಒತ್ತಲು ಮನಸ್ಸಾಗದೆ ಹಾರ್ಡ್ ಒತ್ತಿದ್ದಾಯಿತು. ತಂತ್ರಾಂಶದ ಲೆಕ್ಕದಲ್ಲಿ ಹಾರ್ಡ್ ಎಂದರೆ ಕಷ್ಟಪಟ್ಟಾದರೂ ಬಂತು ಎಂದು. ಮರೆತದ್ದನ್ನೆಲ್ಲ ನೆನಪಿದೆ ಎಂದು ಅದು ಕಲಿತುಕೊಂಡು, ಮುಂದೆ ಎಲ್ಲ ಕಾರ್ಡ್‌ಗಳ ಅಂತರವನ್ನೂ ಅಗತ್ಯಕ್ಕಿಂತ ಹಿಗ್ಗಿಸುತ್ತದೆ. ಮರೆತರೆ ಅಗೇನ್, ಬಂದರೆ ಗುಡ್. ಉಳಿದೆರಡನ್ನು ಮರೆತುಬಿಟ್ಟರೂ ನಷ್ಟವಿಲ್ಲ. ಹತ್ತು ಸೆಕೆಂಡಿನಲ್ಲಿ ಹೊಳೆಯದಿದ್ದರೆ ಬಂದಿಲ್ಲ ಎಂದೇ ಲೆಕ್ಕ.

ದಿನಕ್ಕೆ 20 ಹೊಸ ಕಾರ್ಡ್ ಎಂಬ ಮೊದಲೇ ಇರುವ ಮಿತಿ ಹೊಸಬರಿಗೆ ಜಾಸ್ತಿ. ಹೊಸ ಕಾರ್ಡಿನ ಸಂಖ್ಯೆಯ ಸುಮಾರು ಹತ್ತು ಪಟ್ಟು ಪುನರಾವರ್ತನೆ ದಿನವೂ ಬರುತ್ತದೆ ಎಂಬುದು ರೂಢಿಯ ಅಂದಾಜು. ಇಪ್ಪತ್ತಕ್ಕೆ ಇನ್ನೂರು. ಮೊದಲ ವಾರ ಹಗುರ, ಎರಡನೇ ತಿಂಗಳಲ್ಲಿ ಉಸಿರುಗಟ್ಟುತ್ತದೆ. ಎಂಟರಿಂದ ಶುರು ಮಾಡಿ.

ಒಂದು ಟಿಪ್ಪಣಿಯಿಂದ ಹುಟ್ಟಿದ ಎರಡು ಕಾರ್ಡ್‌ಗಳು, ಉದಾಹರಣೆಗೆ ಪದದಿಂದ ಅರ್ಥ, ಅರ್ಥದಿಂದ ಪದ, ಒಂದೇ ದಿನ ಬಂದರೆ ಮೊದಲನೆಯದು ಎರಡನೆಯದಕ್ಕೆ ಉತ್ತರ ಹೇಳಿಕೊಟ್ಟಂತೆ. ಡೆಕ್ ಆಪ್ಷನ್ಸ್‌ನ ‘ಬರಿಯಿಂಗ್’ ಭಾಗದಲ್ಲಿ ಹೊಸದು, ರಿವ್ಯೂ ಎರಡಕ್ಕೂ ಆನ್ ಮಾಡಿಡಿ. ಜೋಡಿ ಕಾರ್ಡು ಮರುದಿನಕ್ಕೆ ಹೋಗುತ್ತದೆ.

ಎಂಟು ಸಲ ತಪ್ಪಿದ ಕಾರ್ಡನ್ನು ಆಂಕಿ ‘ಲೀಚ್’ ಎಂದು ಗುರುತಿಸುತ್ತದೆ. ಸೆಟ್ಟಿಂಗ್ ನೋಡಿಕೊಂಡು ಬರೀ ಟ್ಯಾಗ್ ಹಚ್ಚುತ್ತದೆ ಇಲ್ಲವೇ ಪಕ್ಕಕ್ಕಿಡುತ್ತದೆ. ಪಕ್ಕಕ್ಕಿಡುವುದನ್ನೇ ಆರಿಸಿ. ಎಂಟು ಸಲ ಬರದ್ದು ಒಂಬತ್ತನೆಯ ಸಲಕ್ಕೆ ಉರು ಹೊಡೆದು ಬರುವುದಿಲ್ಲ. ಮೇಲೆ ಹೇಳಿದ ಮೂರರಲ್ಲಿ ಒಂದು ಕಾರಣ ಇದ್ದೇ ಇರುತ್ತದೆ: ಉತ್ತರದಲ್ಲಿ ಹಲವು ಸಂಗತಿ, ಹೋಲುವ ಇನ್ನೊಂದು ಕಾರ್ಡ್, ಅಥವಾ ಅರ್ಥವೇ ಆಗದೆ ಬರೆದುಕೊಂಡದ್ದು. ತಿದ್ದಿ, ಇಲ್ಲವೇ ಅಳಿಸಿ.

ಹತ್ತು ದಿನ ಆ್ಯಪ್ ಮುಟ್ಟದಿದ್ದರೆ ಬಾಕಿ ಗುಡ್ಡವಾಗುತ್ತದೆ, ಬಹಳ ಜನ ಬಿಟ್ಟುಬಿಡುವುದು ಆಗಲೇ. ಆದರೆ ಅದು ಕಾಣುವಷ್ಟು ಘೋರವಲ್ಲ. ಮೇಲೆ ಹೇಳಿದ 4.5 ಮತ್ತು 5ನೇ ಆವೃತ್ತಿಗಳ ಸೂತ್ರದಲ್ಲಿ ಬಾಳಿಕೆ ನೂರು ದಿನ ಇರುವ ಕಾರ್ಡು ಹತ್ತು ದಿನ ತಡವಾದರೆ ನೆನಪಿನ ಸಾಧ್ಯತೆ ಶೇ. 90ರಿಂದ ಶೇ. 89ಕ್ಕೆ ಇಳಿದಿರುತ್ತದೆ, ಅಷ್ಟೇ. ಬಾಳಿಕೆ ಎರಡು ದಿನದ್ದಾದರೆ ಅದೇ ಹತ್ತು ದಿನಕ್ಕೆ ಶೇ. 64ರ ಹತ್ತಿರ ಬಂದಿರುತ್ತದೆ. ಪೆಟ್ಟು ಬಿದ್ದಿರುವುದು ಎಳೆಯ ಕಾರ್ಡ್‌ಗಳಿಗೆ ಮಾತ್ರ. ಹೊಸ ಕಾರ್ಡಿನ ಮಿತಿಯನ್ನು ಸೊನ್ನೆ ಮಾಡಿ, ರಿವ್ಯೂ ಕ್ರಮವನ್ನು ‘ಡಿಸೆಂಡಿಂಗ್ ರಿಟ್ರೀವಬಿಲಿಟಿ’ಗೆ ಬದಲಿಸಿ, ದಿನಕ್ಕೆ ನಿಮ್ಮ ಕೈಲಾದಷ್ಟು ಮುಗಿಸುತ್ತ ಹೋಗಿ. ಇನ್ನೂ ನೆನಪಿರುವವು ಮೊದಲು ಉಳಿದುಕೊಳ್ಳುತ್ತವೆ, ಆಗಲೇ ಹೋದವು ಕೊನೆಗೆ ಬರುತ್ತವೆ; ಹೋದದ್ದು ಇನ್ನೊಂದು ವಾರಕ್ಕೆ ಹೆಚ್ಚೇನೂ ಹೋಗುವುದಿಲ್ಲ.

ಇದರಿಂದ ಆಗದ್ದು

ಹೆನ್ರಿ ಮೊಲೈಸನ್ ಅವರಿಗೆ 1953ರಲ್ಲಿ ಮೂರ್ಛೆರೋಗದ ಚಿಕಿತ್ಸೆಗಾಗಿ ಎರಡೂ ಕಡೆಯ ಹಿಪೊಕ್ಯಾಂಪಸ್‌ನ ಹೆಚ್ಚಿನ ಭಾಗವನ್ನು ತೆಗೆಯಲಾಯಿತು. ಆಮೇಲೆ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸ ಘಟನೆ, ಹೊಸ ಮುಖ ಅವರಲ್ಲಿ ಹೆಚ್ಚುಕಡಿಮೆ ನಿಲ್ಲಲೇ ಇಲ್ಲ. ಆದರೆ ಬ್ರೆಂಡಾ ಮಿಲ್ನರ್ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯಲು ಕೊಟ್ಟಾಗ ದಿನದಿಂದ ದಿನಕ್ಕೆ ತಪ್ಪು ಕಡಿಮೆಯಾಗುತ್ತ ಬಂತು. ಹಿಂದೆ ಎಂದಾದರೂ ಇದನ್ನು ಮಾಡಿದ್ದು ಮಾತ್ರ ಅವರಿಗೆ ನೆನಪಿರಲಿಲ್ಲ. ಕೈಗೆ ಹತ್ತುವ ಕಲಿಕೆಯ ದಾರಿ ಬೇರೆ, ಅದರ ಭಾರ ಹೊರುವುದು ಬೇಸಲ್ ಗ್ಯಾಂಗ್ಲಿಯಾ ಮತ್ತು ಕಿರುಮಿದುಳು. ಆಂಕಿ ಮುಟ್ಟುವುದು ಬಾಯಲ್ಲಿ ಹೇಳಬಹುದಾದ ಸಂಗತಿಗಳನ್ನು ಮಾತ್ರ. ಐದು ಸಾವಿರ ಪದಗಳ ಡೆಕ್ ಮುಗಿಸಿದವರಿಗೆ ಆ ಭಾಷೆಯಲ್ಲಿ ಮಾತು ತಡವರಿಸುವುದು, ಗಣಿತದ ಸೂತ್ರಗಳೆಲ್ಲ ಬಾಯಿಗೆ ಬಂದರೂ ಲೆಕ್ಕ ಬಿಡಿಸಲಾಗದಿರುವುದು ತಂತ್ರಾಂಶದ ದೋಷವಲ್ಲ. ಅದರ ಕೆಲಸವೇ ಅಲ್ಲ ಅದು.

ದೋಷ ಎನ್ನಬಹುದಾದವು ಬೇರೆ ಇವೆ. ಆವೃತ್ತಿ ಬದಲಾದಾಗ ಆ್ಯಡ್-ಆನ್‌ಗಳು ಮುರಿಯುತ್ತವೆ, ಹಾಗಾಗಿ ಅವುಗಳ ಮೇಲೆ ಹೆಚ್ಚು ನೆಚ್ಚಿಕೊಳ್ಳಬೇಡಿ. ಎರಡು ಸಾಧನಗಳ ಸಂಗ್ರಹ ಹೊಂದಿಸಲಾಗದಷ್ಟು ಬೇರೆಯಾದಾಗ ಆಂಕಿ ‘ಅಪ್‌ಲೋಡ್’ ಇಲ್ಲವೇ ‘ಡೌನ್‌ಲೋಡ್’ ಎಂದು ಕೇಳುತ್ತದೆ. ಯಾವುದನ್ನು ಒತ್ತಿದರೂ ಒಂದು ಕಡೆಯದು ಪೂರ್ತಿ ಅಳಿಸಿಹೋಗುತ್ತದೆ, ಅಷ್ಟು ದೊಡ್ಡ ಮಾತನ್ನು ಹೊಸಬರಿಗೆ ಹೊಳೆಯುವಂತೆ ಹೇಳಿಲ್ಲ. ಒತ್ತುವ ಮೊದಲು ಎರಡೂ ಕಡೆ ಕಾರ್ಡ್‌ಗಳ ಸಂಖ್ಯೆ ನೋಡಿ. ತಾನಾಗಿ ತೆಗೆಯುವ ಬ್ಯಾಕಪ್‌ನಲ್ಲಿ ಚಿತ್ರ, ಧ್ವನಿ ಸೇರುವುದಿಲ್ಲ. ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್‌ಗೆ ಹೋಗಿ ಮೀಡಿಯಾ ಸೇರಿಸಿ ಇಡೀ ಸಂಗ್ರಹವನ್ನು ಬೇರೆ ಕಡೆ ಉಳಿಸಿಕೊಳ್ಳಿ.

ಎರಡು ಮೂರು ತಿಂಗಳಾದ ಮೇಲೆ ಸ್ಟ್ಯಾಟ್ಸ್ ತೆರೆದು ‘ಟ್ರೂ ರಿಟೆನ್ಷನ್’ ಕೋಷ್ಟಕ ನೋಡಿ. ಅದರಲ್ಲಿ ‘ಯಂಗ್’, ‘ಮೆಚೂರ್’ ಎಂಬ ಕಂಬಗಳಿವೆ. ಅಂತರ 21 ದಿನ ಮುಟ್ಟಿದವು ಎರಡನೆಯದಕ್ಕೆ ಸೇರುತ್ತವೆ. ನೀವು ಕೇಳಿದ್ದು 0.90 ಆಗಿದ್ದು ಮೆಚೂರ್ ಕಂಬದಲ್ಲಿ 88-92 ಇದ್ದರೆ ಏನನ್ನೂ ಮುಟ್ಟಬೇಡಿ. 80ರ ಆಸುಪಾಸು ಇದ್ದರೆ ಒಮ್ಮೆ ಆಪ್ಟಿಮೈಸ್ ಮಾಡಿ ಮೂರು ವಾರ ಕಾಯಿರಿ. ಆಗಲೂ ಏರದಿದ್ದರೆ ಅದೇ ಪುಟದಲ್ಲಿರುವ ಬಟನ್‌ಗಳ ಗ್ರಾಫ್‌ಗೆ ಬಂದು, ಹಾರ್ಡ್ ಎಷ್ಟು ಸಲ ಒತ್ತಿದ್ದೀರಿ ಎಂದು ಎಣಿಸಿ.